ಡಿಸ್ಕ್ ಮಲಗುವ ಹೊತ್ತಿಗೆ ರಿಕ್ವೆಸ್ಟ್ ಬಂದರೆ? ಲಿನಕ್ಸ್ ಡ್ರೈವರ್ ಬರೆಯುವವರಿಗೆ ಹಂತ ಹಂತದ ಮಾರ್ಗದರ್ಶಿ

"ಸಸ್ಪೆಂಡ್ ಮಾಡಿದರೆ ಮಷೀನ್ ಮಲಗುತ್ತೆ, ಎಬ್ಬಿಸಿದರೆ ಸ್ಕ್ರೀನೂ ಬರುತ್ತೆ. ಆದರೆ ಒಂದು ಫೈಲ್ ತೆರೆದ ಕೂಡಲೇ ಎಲ್ಲ ನಿಂತುಬಿಡುತ್ತೆ. ಯಾಕೆ?" ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಬಹಳಷ್ಟು ಜನ ಸ್ಟೋರೇಜ್ ಅಥವಾ ಎಂಬೆಡೆಡ್ ಕೆಲಸಕ್ಕೆ ಹೊಸದಾಗಿ ಸೇರಿದವರು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆಯುವ ಬದಲು ಪೂರ್ತಿ ವಿಷಯವನ್ನು ಒಂದೇ ಕಡೆ ಇಡುತ್ತಿದ್ದೇನೆ.

ನಿಮಗೆ ಸಿ ಭಾಷೆ ಬರುತ್ತದೆ, ಒಂದಾದರೂ ಕರ್ನಲ್ ಮಾಡ್ಯೂಲ್ ಬರೆದು ಲೋಡ್ ಮಾಡಿದ್ದೀರಿ ಎಂದುಕೊಂಡು ಬರೆದಿದ್ದೇನೆ. ಫಂಕ್ಷನ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ಸೋರ್ಸ್‌ನಲ್ಲಿ ಅವೇ ಹೆಸರುಗಳು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಸಿಗುತ್ತವೆ. ಕರ್ನಲ್ ಸೋರ್ಸ್‌ನ ಬ್ಲಾಕ್ ಫೋಲ್ಡರಿನಲ್ಲಿ ಬಿಎಲ್‌ಕೆ-ಪಿಎಂ, ಬಿಎಲ್‌ಕೆ-ಕೋರ್ ಎಂಬ ಎರಡು ಸಿ ಫೈಲುಗಳಿವೆ. ಅವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿ. ಮೊದಲನೆಯದು ತೀರಾ ಚಿಕ್ಕದು, ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಓದಿ ಮುಗಿಸಬಹುದು.

ಎರಡು ಬಗೆಯ ನಿದ್ದೆ

ಗೊಂದಲದ ಬೇರು ಇಲ್ಲಿದೆ, ಆದ್ದರಿಂದ ಇದನ್ನು ಮೊದಲೇ ಬಿಡಿಸಿಕೊಳ್ಳೋಣ.

ರನ್‌ಟೈಮ್ ಪಿಎಂ (ಪವರ್ ಮ್ಯಾನೇಜ್‌ಮೆಂಟ್, ವಿದ್ಯುತ್ ನಿರ್ವಹಣೆ) ಎಂದರೆ ಮಷೀನ್ ಎದ್ದೇ ಇರುತ್ತದೆ, ಕೆಲಸವಿಲ್ಲದ ಒಂದು ಸಾಧನ ಮಾತ್ರ ಮಲಗುತ್ತದೆ. ಈ ಚೌಕಟ್ಟನ್ನು ರಾಫೆಲ್ ವೈಸೊಕಿ 2009ರಲ್ಲಿ 2.6.32 ಕರ್ನಲ್‌ಗೆ ತಂದರು. ಬ್ಲಾಕ್ ಲೇಯರ್‌ಗೆ, ಅಂದರೆ ಫೈಲ್‌ಸಿಸ್ಟಮ್ ಮತ್ತು ಡಿಸ್ಕ್ ಡ್ರೈವರ್‌ಗಳ ನಡುವಿನ ಪದರಕ್ಕೆ, ಅದು ಇಳಿದದ್ದು 2013ರಲ್ಲಿ, 3.10ರ ಜೊತೆ. ಸಿಸ್ಟಮ್ ಸ್ಲೀಪ್ ಎಂದರೆ ಲ್ಯಾಪ್‌ಟಾಪ್ ಮುಚ್ಚಿದಾಗ ಆಗುವಂಥದ್ದು, ಅಲ್ಲಿ ಇಡೀ ಮಷೀನೇ ಮಲಗುತ್ತದೆ.

ರಿಕ್ವೆಸ್ಟ್‌ಗಳ, ಅಂದರೆ ಡಿಸ್ಕಿಗೆ ಬರುವ ಓದು-ಬರೆಹದ ಕೋರಿಕೆಗಳ, ವಿಷಯದಲ್ಲಿ ಇವೆರಡರ ನಡತೆ ಪೂರ್ತಿ ಬೇರೆ. ರನ್‌ಟೈಮ್‌ನಲ್ಲಿ ಡಿಸ್ಕ್ ಮಲಗಲು ಹೊರಟಾಗ ಒಂದೇ ಒಂದು ರಿಕ್ವೆಸ್ಟ್ ಇನ್ನೂ ಮುಗಿಯದೆ ಇದ್ದರೂ ಮಲಗುವ ಯೋಚನೆಯನ್ನೇ ಕೈಬಿಡಬೇಕು, ಕಾಯುವಂತಿಲ್ಲ. ಮಲಗಿದ ಮೇಲೆ ಹೊಸ ರಿಕ್ವೆಸ್ಟ್ ಬಂದರೆ ಡಿಸ್ಕನ್ನು ಎಬ್ಬಿಸಬೇಕು. ಸಿಸ್ಟಮ್ ಸ್ಲೀಪ್‌ನಲ್ಲಿ ಇದಕ್ಕೆ ತದ್ವಿರುದ್ಧ: ಬಾಕಿ ಇರುವ ರಿಕ್ವೆಸ್ಟ್ ಮುಗಿಯುವ ತನಕ ಕಾಯಬೇಕು, ಹೊಸದು ಬಂದರೆ ಅದನ್ನೇ ಕಾಯಿಸಬೇಕು, ಡಿಸ್ಕನ್ನು ಎಬ್ಬಿಸಬಾರದು. ಎರಡೂ ಕಾಲ್‌ಬ್ಯಾಕ್‌ಗಳಿಗೆ, ಅಂದರೆ ಮಲಗಿಸುವಾಗ ಕರ್ನಲ್ ಕರೆಯುವ ಡ್ರೈವರ್ ಫಂಕ್ಷನ್‌ಗಳ ಜಾಗಕ್ಕೆ, ಒಂದೇ ಫಂಕ್ಷನ್ ಕೊಟ್ಟು ಸುಮ್ಮನಾಗುವವರು ಎಡವುವುದು ಇಲ್ಲೇ.

ಬೇಕಾದ ಸಾಮಾನು

ಪಿಎಂ ಮತ್ತು ಪಿಎಂ ಡೀಬಗ್ ಆಯ್ಕೆಗಳನ್ನು ಆನ್ ಮಾಡಿ ಕಟ್ಟಿದ ಕರ್ನಲ್, ಡೀಬಗ್‌ಎಫ್‌ಎಸ್ (ಕರ್ನಲ್‌ನ ಒಳಸ್ಥಿತಿಯನ್ನು ಫೈಲುಗಳಾಗಿ ತೋರಿಸುವ ಫೈಲ್‌ಸಿಸ್ಟಮ್) ಮೌಂಟ್ ಆಗಿರುವ ಒಂದು ಕ್ಯೂಎಮು ವರ್ಚುವಲ್ ಮಷೀನ್, ಅದಕ್ಕೊಂದು ಸೀರಿಯಲ್ ಕನ್ಸೋಲ್, ಮತ್ತು ಎಫ್‌ಐಓ ಎಂಬ ಲೋಡ್ ಹಾಕುವ ಸಾಧನ. ಕೈಯಲ್ಲಿ ಹಾರ್ಡ್‌ವೇರ್ ಇಲ್ಲದಿದ್ದರೆ ಸ್ಕಸಿ_ಡೀಬಗ್ ಮಾಡ್ಯೂಲ್ ಸಾಕು, ಅದು ರ‍್ಯಾಮ್‌ನಲ್ಲೇ ಒಂದು ಸುಳ್ಳು ಸ್ಕಸಿ (ಡಿಸ್ಕ್‌ಗಳಿಗೆ ಆಜ್ಞೆ ಕಳಿಸುವ ಒಂದು ಪದ್ಧತಿ) ಡಿಸ್ಕ್ ಸೃಷ್ಟಿಸುತ್ತದೆ. ನಿಮ್ಮ ಕೆಲಸದ ಲ್ಯಾಪ್‌ಟಾಪಿನ ರೂಟ್ ಡಿಸ್ಕ್ ಮೇಲೆ ಮಾತ್ರ ದಯವಿಟ್ಟು ಪ್ರಯೋಗ ಮಾಡಬೇಡಿ. ರೂಟ್ ಡಿಸ್ಕ್ ಏಳದಿದ್ದರೆ ಲಾಗ್ ಬರೆಯಲೂ ಜಾಗ ಇರುವುದಿಲ್ಲ, ಏನಾಯಿತೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಎರಡು ಪದಗಳನ್ನು ಅದಲುಬದಲು ಮಾಡಬೇಡಿ. ಕ್ಯೂ (ರಿಕ್ವೆಸ್ಟ್‌ಗಳ ಸಾಲು) ಫ್ರೀಜ್ ಮಾಡುವುದೆಂದರೆ ಹೊಸ ರಿಕ್ವೆಸ್ಟ್ ಒಳಗೆ ಬಿಡದೆ, ಒಳಗಿರುವುದೆಲ್ಲ ಮುಗಿಯುವ ತನಕ ಕಾಯುವುದು. ಕ್ಯೂ ಕ್ವಯಸ್ ಮಾಡುವುದೆಂದರೆ ಡ್ರೈವರ್ ಕೈಗೆ ಇನ್ನು ಮುಂದೆ ರಿಕ್ವೆಸ್ಟ್ ಕೊಡದಿರುವುದು, ಅಷ್ಟೇ. ಈಗಾಗಲೇ ಹಾರ್ಡ್‌ವೇರ್‌ಗೆ ಹೋಗಿರುವುದು ಮುಗಿಯಿತೋ ಇಲ್ಲವೋ ಎಂದು ಅದು ನೋಡುವುದಿಲ್ಲ. ಮೊದಲು ಕ್ವಯಸ್ ಮಾಡಿ ಆಮೇಲೆ ಫ್ರೀಜ್‌ಗೆ ಕಾಯುತ್ತಾ ಕೂತರೆ ಮುಗಿಯಿತು: ಒಳಗಿರುವ ರಿಕ್ವೆಸ್ಟ್‌ಗಳು ಡ್ರೈವರ್‌ಗೆ ತಲುಪುವುದೇ ಇಲ್ಲ, ಆದ್ದರಿಂದ ಮುಗಿಯುವುದೂ ಇಲ್ಲ, ಫ್ರೀಜ್ ಎಂದೆಂದಿಗೂ ಕಾಯುತ್ತದೆ. ನಾನು ನೋಡಿದ ಹ್ಯಾಂಗ್‌ಗಳಲ್ಲಿ ಈ ಅದಲುಬದಲೇ ಕಾರಣವಾದವು ಬಹಳ.

ಹಂತ 1: ಕ್ಯೂ ಮತ್ತು ಸಾಧನವನ್ನು ಜೋಡಿಸಿ

ಪ್ರೋಬ್ ಫಂಕ್ಷನ್‌ನಲ್ಲಿ (ಸಾಧನ ಸಿಕ್ಕಾಗ ಕರ್ನಲ್ ಕರೆಯುವ ಡ್ರೈವರ್ ಫಂಕ್ಷನ್), ಡಿಸ್ಕನ್ನು ಬಳಕೆಗೆ ಬಿಡುವ ಮೊದಲು, ಬಿಎಲ್‌ಕೆ_ಪಿಎಂ_ರನ್‌ಟೈಮ್_ಇನಿಟ್ ಕರೆಯಿರಿ. ಇದಕ್ಕೆ ಕ್ಯೂ ಮತ್ತು ಸಾಧನ ಎರಡನ್ನೂ ಕೊಡಬೇಕು. ಇದನ್ನು ಕರೆಯದಿದ್ದರೆ ಮುಂದಿನ ಯಾವ ಸಹಾಯಕ ಫಂಕ್ಷನ್ನೂ ಏನೂ ಮಾಡುವುದಿಲ್ಲ, ದೂರು ಕೂಡ ಹೇಳದೆ ಸುಮ್ಮನೆ ಹಿಂತಿರುಗುತ್ತವೆ.

ಇದು ಆಟೋಸಸ್ಪೆಂಡ್ ಅವಧಿಯನ್ನು, ಅಂದರೆ ಎಷ್ಟು ಹೊತ್ತು ಸುಮ್ಮನಿದ್ದರೆ ಮಲಗಬೇಕು ಎಂಬುದನ್ನು, -1 ಎಂದು ಇಡುತ್ತದೆ. -1 ಎಂದರೆ ಎಂದೂ ಮಲಗಬೇಡ ಎಂದರ್ಥ. "ಎಲ್ಲ ಸರಿಯಾಗಿ ಬರೆದಿದ್ದೇನೆ, ಡಿಸ್ಕ್ ಮಲಗುತ್ತಲೇ ಇಲ್ಲ" ಎನ್ನುವವರಲ್ಲಿ ಅರ್ಧದಷ್ಟು ಜನಕ್ಕೆ ಉತ್ತರ ಇಷ್ಟೇ. ಸಿಸ್‌ಎಫ್‌ಎಸ್‌ನಲ್ಲಿ (ಸಾಧನಗಳ ಸೆಟ್ಟಿಂಗ್‌ಗಳನ್ನು ಫೈಲುಗಳಾಗಿ ತೋರಿಸುವ ಸಿಸ್ ಫೋಲ್ಡರ್) ಆ ಡಿಸ್ಕಿನ ಸಾಧನದ ಕೆಳಗಿರುವ ಪವರ್ ಫೋಲ್ಡರಿಗೆ ಹೋಗಿ, ಆಟೋಸಸ್ಪೆಂಡ್_ಡಿಲೇ_ಎಂಎಸ್ ಫೈಲಿಗೆ ಮಿಲಿಸೆಕೆಂಡ್ ಲೆಕ್ಕದಲ್ಲಿ ಅವಧಿ ಬರೆಯಿರಿ, 10 ನಿಮಿಷಕ್ಕೆ 600000. ಪಕ್ಕದಲ್ಲೇ ಇರುವ ಕಂಟ್ರೋಲ್ ಫೈಲು ಸ್ಕಸಿ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಆನ್ ಎಂದಿರುತ್ತದೆ, ಅದನ್ನು ಆಟೋ ಮಾಡಿ. ಇಲ್ಲಿ ಆನ್ ಎಂದರೆ ವಿದ್ಯುತ್ ಉಳಿತಾಯ ಆನ್ ಎಂದಲ್ಲ, ಸಾಧನವನ್ನು ಸದಾ ಎಚ್ಚರವಾಗಿಡು ಎಂದು.

ಹಂತ 2: ಮೊದಲು ಬಾಗಿಲು ಹಾಕಿ, ಆಮೇಲೆ ಒಳಗೆ ಯಾರಿದ್ದಾರೆ ನೋಡಿ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ.

ನೀವು ಬರೆಯುವ ರನ್‌ಟೈಮ್ ಸಸ್ಪೆಂಡ್ ಕಾಲ್‌ಬ್ಯಾಕ್‌ನ ಮೊದಲ ಸಾಲು ಬಿಎಲ್‌ಕೆ_ಪ್ರಿ_ರನ್‌ಟೈಮ್_ಸಸ್ಪೆಂಡ್ ಆಗಿರಬೇಕು. ಸಹಜವಾಗಿ ಹೊಳೆಯುವ ಕ್ರಮ ಬೇರೆ: ಬಾಕಿ ರಿಕ್ವೆಸ್ಟ್ ಇದೆಯೇ ನೋಡು, ಇಲ್ಲದಿದ್ದರೆ ಬಾಗಿಲು ಹಾಕು. ಆದರೆ ನೋಡಿದ ಕ್ಷಣಕ್ಕೂ ಬಾಗಿಲು ಹಾಕಿದ ಕ್ಷಣಕ್ಕೂ ನಡುವೆ ಇನ್ನೊಂದು ಸಿಪಿಯುನಿಂದ ಒಂದು ರಿಕ್ವೆಸ್ಟ್ ನುಸುಳಬಹುದು. ನುಸುಳಿದ ರಿಕ್ವೆಸ್ಟ್ ವಿದ್ಯುತ್ ಕಡಿದ ಹಾರ್ಡ್‌ವೇರ್‌ಗೆ ಹೋಗುತ್ತದೆ, ಉತ್ತರ ಬರುವುದಿಲ್ಲ, ಕೊನೆಗೆ ಟೈಮ್‌ಔಟ್. ಸ್ಕಸಿ ಡಿಸ್ಕಿನಲ್ಲಿ ಅದು 30 ಸೆಕೆಂಡ್. ಸಾವಿರ ಸಲಕ್ಕೊಮ್ಮೆ ಮಾತ್ರ ಆಗುವುದರಿಂದ ಟೆಸ್ಟ್‌ನಲ್ಲಿ ಕಾಣಿಸದೆ, ಗ್ರಾಹಕರ ಮನೆಯಲ್ಲಿ ಕಾಣಿಸಿಕೊಳ್ಳುವ ಬಗೆಯ ತಪ್ಪು ಇದು.

ಆದ್ದರಿಂದ ಆ ಫಂಕ್ಷನ್ ಏನು ಮಾಡುತ್ತದೆ ನೋಡಿ. ಮೊದಲು ಸ್ಥಿತಿಯನ್ನು 'ಮಲಗುತ್ತಿದೆ' ಎಂದು ಬದಲಿಸುತ್ತದೆ. ಎರಡನೆಯದಾಗಿ ಪಿಎಂ_ಓನ್ಲಿ ಎಂಬ ಎಣಿಕೆಯನ್ನು ಒಂದು ಏರಿಸುತ್ತದೆ. ಅದು ಸೊನ್ನೆಗಿಂತ ಹೆಚ್ಚಿದ್ದರೆ ಸಾಮಾನ್ಯ ರಿಕ್ವೆಸ್ಟ್‌ಗಳಿಗೆ ಪ್ರವೇಶವಿಲ್ಲ, ಅಂದರೆ ಹೆಬ್ಬಾಗಿಲು ಮುಚ್ಚಿದೆ. ಇದಾದ ಮೇಲಷ್ಟೇ ಒಳಗೆ ಯಾರಾದರೂ ಉಳಿದಿದ್ದಾರೆಯೇ ಎಂದು ಎಣಿಸುತ್ತದೆ.

ಎಣಿಸುವುದೂ ಅಷ್ಟು ಸಲೀಸಲ್ಲ. ಕ್ಯೂ ಒಳಗಿರುವವರ ಲೆಕ್ಕವನ್ನು ಕ್ಯೂ_ಯೂಸೇಜ್_ಕೌಂಟರ್ ಇಡುತ್ತದೆ. ವೇಗಕ್ಕಾಗಿ ಆ ಲೆಕ್ಕ ಪ್ರತಿ ಸಿಪಿಯುನಲ್ಲೂ ಬೇರೆ ಬೇರೆ ಇರುತ್ತದೆ. ಕೋಟೆಗೆ ನಾಲ್ಕು ಬಾಗಿಲಿದ್ದು, ಬಾಗಿಲಿಗೊಬ್ಬ ಕಾವಲುಗಾರ ತನ್ನ ಬಾಗಿಲಿನ ಲೆಕ್ಕ ಮಾತ್ರ ಇಟ್ಟುಕೊಂಡ ಹಾಗೆ. ಪೂರ್ವದ ಬಾಗಿಲಲ್ಲಿ ಬಂದವನು ಪಶ್ಚಿಮದ ಬಾಗಿಲಲ್ಲಿ ಹೊರಟರೆ ಒಬ್ಬ ಕಾವಲುಗಾರನ ಲೆಕ್ಕ ಒಂದು, ಇನ್ನೊಬ್ಬನದು ಮೈನಸ್ ಒಂದು. ಯಾವುದೋ ಒಂದನ್ನು ನೋಡಿ ಏನನ್ನೂ ಹೇಳುವಂತಿಲ್ಲ. ಹಾಗಾಗಿ ಫಂಕ್ಷನ್ ಎಲ್ಲ ಲೆಕ್ಕವನ್ನು ಒಂದೇ ಕಡೆಗೆ ತಂದು ಕೂಡಿಸಿ, ಸೊನ್ನೆಯೇ ಎಂದು ನೋಡಿ, ಆಮೇಲೆ ಮತ್ತೆ ಹಂಚಿಬಿಡುತ್ತದೆ. ಸೊನ್ನೆಯಿದ್ದರೆ ಮುಂದುವರಿಯಬಹುದು. ಇಲ್ಲದಿದ್ದರೆ ಪಿಎಂ_ಓನ್ಲಿ ಇಳಿಸಿ, ಸ್ಥಿತಿಯನ್ನು 'ಎಚ್ಚರ'ಕ್ಕೆ ಮರಳಿಸಿ, ಕೊನೆಯ ಚಟುವಟಿಕೆಯ ಸಮಯ ಈಗಿನದೆಂದು ಗುರುತು ಹಾಕಿ, ಇ-ಬಿಸಿ ಎಂಬ ತಪ್ಪು ಸಂಖ್ಯೆ ಕೊಡುತ್ತದೆ. ಈಗ ಮಲಗಲಾಗದು, ಆಮೇಲೆ ನೋಡೋಣ ಎಂದು ಅದರ ಅರ್ಥ. ನೀವು ಆ ಸಂಖ್ಯೆಯನ್ನು ಹಾಗೇ ಮೇಲಕ್ಕೆ ಕೊಟ್ಟರೆ ಸಾಕು.

ಈ ವಿಧಾನ ಬಂದದ್ದು 2018ರಲ್ಲಿ, ಬಾರ್ಟ್ ವ್ಯಾನ್ ಅಶ್ ಬಹು-ಕ್ಯೂ ಬ್ಲಾಕ್ ಲೇಯರ್‌ಗೆ ರನ್‌ಟೈಮ್ ಪಿಎಂ ತಂದಾಗ. ಅದಕ್ಕೂ ಹಿಂದಿನ ಲೇಖನಗಳನ್ನು ನೋಡಿ ಕಲಿಯುತ್ತಿದ್ದರೆ ಅಲ್ಲಿನ ಎಣಿಕೆಯ ರೀತಿ ಈಗ ಇಲ್ಲ.

ಹಂತ 3: ದಿಡ್ಡಿ ಬಾಗಿಲು

ಹೆಬ್ಬಾಗಿಲು ಹಾಕಿಯಾಯಿತು. ಆದರೆ ಡಿಸ್ಕ್ ಮಲಗಬೇಕಾದರೆ ಅದಕ್ಕೆ ಕೆಲವು ಆಜ್ಞೆ ಕಳಿಸಬೇಕಲ್ಲ? ಕ್ಯಾಶ್ ಖಾಲಿ ಮಾಡು, ಮೋಟರ್ ನಿಲ್ಲಿಸು ಎನ್ನುವಂಥವು. ಅವೂ ರಿಕ್ವೆಸ್ಟ್‌ಗಳೇ, ಅದೇ ಕ್ಯೂನಲ್ಲಿ ಹೋಗಬೇಕಾದವು. ಕೋಟೆಯ ಹೆಬ್ಬಾಗಿಲು ಮುಚ್ಚಿದಾಗ ಒಬ್ಬೊಬ್ಬರೇ ಬಗ್ಗಿ ಹೋಗಲು ದಿಡ್ಡಿ ಬಾಗಿಲು ಇರುವಂತೆ, ಇವಕ್ಕೂ ಒಂದು ದಾರಿ ಇದೆ. ರಿಕ್ವೆಸ್ಟ್ ಪಡೆಯುವಾಗ ಬಿಎಲ್‌ಕೆ_ಎಂಕ್ಯೂ_ಆರ್‌ಇಕ್ಯೂ_ಪಿಎಂ ಎಂಬ ಗುರುತು ಕೊಟ್ಟರೆ ಪಿಎಂ_ಓನ್ಲಿ ಏರಿದ್ದರೂ ಪ್ರವೇಶ ಸಿಗುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಈ ಗುರುತು ಮರೆತರೆ ನಿಮ್ಮ ಸಸ್ಪೆಂಡ್ ಫಂಕ್ಷನ್ ತಾನೇ ಹಾಕಿದ ಬಾಗಿಲ ಮುಂದೆ ತಾನೇ ಕಾಯುತ್ತಾ ನಿಲ್ಲುತ್ತದೆ. ಎರಡು, ಅವಸರಕ್ಕೆ ಬೇರೆ ರಿಕ್ವೆಸ್ಟ್‌ಗಳಿಗೂ ಈ ಗುರುತು ಹಚ್ಚಬೇಡಿ. ಡಿಸ್ಕಿನ ಉಷ್ಣಾಂಶ ಓದುವ ರಿಕ್ವೆಸ್ಟ್‌ಗೆ ಈ ಗುರುತು ಹಾಕಿದ ಕೋಡ್ ನಾನು ರಿವ್ಯೂ ಮಾಡಿದ್ದೇನೆ. ಅದು ಅರ್ಧ ಮಲಗಿದ ಡಿಸ್ಕಿನ ಬಾಗಿಲು ಬಡಿಯುತ್ತಿತ್ತು. 5.11 ಕರ್ನಲ್‌ನಿಂದ ಈಚೆಗೆ ಡಿಸ್ಕ್ ಪೂರ್ತಿ ಮಲಗಿದ ಮೇಲೆ ದಿಡ್ಡಿ ಬಾಗಿಲೂ ಮುಚ್ಚಿರುತ್ತದೆ. ಮಲಗುವಾಗ ಮತ್ತು ಏಳುವಾಗ ಮಾತ್ರ ಅದು ತೆರೆದಿರುತ್ತದೆ.

ಸಾಮಾನ್ಯ ರಿಕ್ವೆಸ್ಟ್ ಆ ಹೊತ್ತಿಗೆ ಬಂದರೆ ಬಿಎಲ್‌ಕೆ_ಕ್ಯೂ_ಎಂಟರ್‌ನಲ್ಲಿ (ಫೈಲ್‌ಸಿಸ್ಟಮ್‌ನಿಂದ ಬಂದದ್ದಾದರೆ ಹೊಸ ಕರ್ನಲ್‌ಗಳಲ್ಲಿ ಬಯೋ_ಕ್ಯೂ_ಎಂಟರ್‌ನಲ್ಲಿ) ಕಾಯುತ್ತದೆ. ಸುಮ್ಮನೆ ಕಾಯುವುದಲ್ಲ, "ಎಬ್ಬಿಸು" ಎಂದು ಪಿಎಂ ಚೌಕಟ್ಟಿಗೆ ಹೇಳಿ ಕಾಯುತ್ತದೆ. ಡಿಸ್ಕ್ ಮಲಗುವ ನಡುವಿನಲ್ಲಿದ್ದರೆ ಅರ್ಧದಲ್ಲೇ ವಾಪಸ್ ಎಳೆಯುವುದಿಲ್ಲ. ಪೂರ್ತಿ ಮಲಗಿಸಿ, ಆ ಕೂಡಲೇ ಎಬ್ಬಿಸುತ್ತದೆ. ಲಾಗ್‌ನಲ್ಲಿ ಡಿಸ್ಕ್ ನಿಂತ ಮರುಕ್ಷಣ ಮತ್ತೆ ಶುರುವಾದರೆ ಗಾಬರಿ ಬೇಡ, ಇದೇ ಕಾರಣ. ಕಾಯಲು ಒಪ್ಪದ ರಿಕ್ವೆಸ್ಟ್‌ಗಳಿಗೆ, ಅಂದರೆ ನೋವೇಟ್ ಗುರುತಿರುವವಕ್ಕೆ, ಇ-ಎಗೇನ್ ಸಿಗುತ್ತದೆ.

ಹಂತ 4: ಡಿಸ್ಕನ್ನು ನಿಜವಾಗಿ ಮಲಗಿಸುವುದು

ಕ್ರಮ ತಪ್ಪಬಾರದು: ಮೊದಲು ರೈಟ್ ಕ್ಯಾಶ್ ಖಾಲಿ, ಆಮೇಲೆ ಮೋಟರ್ ನಿಲುಗಡೆ. ಡಿಸ್ಕು "ಬರೆದಾಯಿತು" ಎಂದು ಹೇಳಿದ ಡೇಟಾ ಇನ್ನೂ ಅದರ ಸಣ್ಣ ಮೆಮೊರಿಯಲ್ಲೇ ಇರಬಹುದು. ವಿದ್ಯುತ್ ಹೋದರೆ ಅದೂ ಹೋಗುತ್ತದೆ. ಸ್ಕಸಿಯಲ್ಲಿ ಮೊದಲನೆಯದಕ್ಕೆ ಸಿಂಕ್ರೊನೈಸ್ ಕ್ಯಾಶ್ ಆಜ್ಞೆ, ಹೆಕ್ಸ್ 35. ಎರಡನೆಯದಕ್ಕೆ ಸ್ಟಾರ್ಟ್ ಸ್ಟಾಪ್ ಯೂನಿಟ್, ಹೆಕ್ಸ್ 1ಬಿ. ಡಿಮೆಸೇಜ್ (ಕರ್ನಲ್ ಲಾಗ್) ತೆರೆದು ನೋಡಿ, ಸ್ಕಸಿ ಡಿಸ್ಕ್ ಡ್ರೈವರ್ ಇದನ್ನೇ ಮಾಡುವುದು ಕಾಣುತ್ತದೆ:

ಎಸ್‌ಡಿ 0:0:0:0: [ಎಸ್‌ಡಿಎ] ಸಿಂಕ್ರೊನೈಸಿಂಗ್ ಸ್ಕಸಿ ಕ್ಯಾಶ್
ಎಸ್‌ಡಿ 0:0:0:0: [ಎಸ್‌ಡಿಎ] ಸ್ಟಾಪಿಂಗ್ ಡಿಸ್ಕ್

ಎರಡನೇ ಸಾಲು ಮಾತ್ರ ಇದ್ದು ಮೊದಲನೆಯದು ಇಲ್ಲವೆಂದರೆ ಆ ಡಿಸ್ಕಿನ ರೈಟ್ ಕ್ಯಾಶ್ ಆಫ್ ಆಗಿದೆಯೇ ನೋಡಿ. ಆನ್ ಇದ್ದೂ ಸಾಲು ಬರದಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ, ಮೊದಲು ಅದನ್ನು ಸರಿಮಾಡಿ.

ತಿರುಗುವ ಡಿಸ್ಕ್ ಬಳಸುವವರಿಗೆ ಒಂದು ಮಾತು. ಆಟೋಸಸ್ಪೆಂಡ್ ಅವಧಿ ತೀರಾ ಕಡಿಮೆ ಇಡಬೇಡಿ. ಪ್ರತಿ ಸಲ ಹೆಡ್ ಪಕ್ಕಕ್ಕೆ ಸರಿದು ಮರಳಿ ಬರುವುದಕ್ಕೂ ಒಂದು ಆಯುಷ್ಯವಿದೆ, ಹಲವು ಡ್ರೈವ್‌ಗಳಿಗೆ ತಯಾರಕರು ಹೇಳುವುದು 3 ಲಕ್ಷ ಅಥವಾ 6 ಲಕ್ಷ ಸಲ. ಸ್ಮಾರ್ಟ್ ಮಾಹಿತಿಯ, ಅಂದರೆ ಡ್ರೈವ್ ತನ್ನ ಆರೋಗ್ಯದ ಬಗ್ಗೆ ಇಡುವ ಲೆಕ್ಕದ, 193ನೇ ಸಾಲು ಆ ಲೆಕ್ಕ. 192ನೇ ಸಾಲು ಏರುತ್ತಿದ್ದರೆ ಇನ್ನೂ ಚಿಂತೆಯ ವಿಷಯ: ಹೇಳದೆ ಕೇಳದೆ ವಿದ್ಯುತ್ ಕಡಿಯುತ್ತಿದ್ದೀರಿ, ಹೆಡ್ ತುರ್ತಾಗಿ ಹಿಂದೆ ಸರಿಯುತ್ತಿದೆ ಎಂದು.

ಹಂತ 5: ತಪ್ಪಿದಾಗಲೂ ಬಾಗಿಲು ತೆಗೆಯಿರಿ

ಕೆಲಸ ಮುಗಿದ ಮೇಲೆ ಬಿಎಲ್‌ಕೆ_ಪೋಸ್ಟ್_ರನ್‌ಟೈಮ್_ಸಸ್ಪೆಂಡ್ ಕರೆಯಿರಿ, ನಿಮ್ಮ ಫಲಿತಾಂಶದ ಸಂಖ್ಯೆಯನ್ನೂ ಕೊಡಿ. ಸೊನ್ನೆ ಕೊಟ್ಟರೆ ಸ್ಥಿತಿ 'ಮಲಗಿದೆ' ಆಗುತ್ತದೆ. ತಪ್ಪು ಸಂಖ್ಯೆ ಕೊಟ್ಟರೆ ಸ್ಥಿತಿ 'ಎಚ್ಚರ'ಕ್ಕೆ ಮರಳಿ, ಪಿಎಂ_ಓನ್ಲಿ ಇಳಿಯುತ್ತದೆ. ತಪ್ಪಾಯಿತೆಂದು ನಡುವಿನಿಂದಲೇ ರಿಟರ್ನ್ ಮಾಡಿದರೆ ಹೆಬ್ಬಾಗಿಲು ಮುಚ್ಚಿಯೇ ಉಳಿಯುತ್ತದೆ, ಡಿಸ್ಕ್ ಎಚ್ಚರವಾಗಿದ್ದರೂ ಒಂದು ರಿಕ್ವೆಸ್ಟೂ ಒಳಗೆ ಹೋಗದು. ಲೇಖನದ ಮೊದಲಲ್ಲಿ ಬರೆದ ಪ್ರಶ್ನೆಗೆ ಹಲವು ಸಲ ಉತ್ತರ ಇದೇ.

ಯಾವ ತಪ್ಪು ಸಂಖ್ಯೆ ಕೊಡುತ್ತೀರಿ ಎಂಬುದೂ ಮುಖ್ಯ. ಇ-ಬಿಸಿ, ಇ-ಎಗೇನ್ ಎರಡನ್ನು ಮಾತ್ರ ಪಿಎಂ ಚೌಕಟ್ಟು ತಾತ್ಕಾಲಿಕ ಎಂದು ತಿಳಿಯುತ್ತದೆ. ಬೇರೇನು ಕೊಟ್ಟರೂ ಗಂಭೀರ ದೋಷವೆಂದು ಬಗೆದು, ಯಾರಾದರೂ ಸ್ಥಿತಿಯನ್ನು ಕೈಯಾರೆ ಮತ್ತೆ ನಿಗದಿಪಡಿಸುವ ತನಕ ಆ ಸಾಧನವನ್ನು ಮುಟ್ಟುವುದಿಲ್ಲ. ಒಮ್ಮೆ ನಾನು ಇಲ್ಲಿ ಇ-ಐಓ ಕೊಟ್ಟಿದ್ದೆ. ಕೇಬಲ್ ಒಂದು ಸಲ ಸಡಿಲವಾದದ್ದಕ್ಕೆ ಆ ಡಿಸ್ಕ್ ಮುಂದಿನ ರೀಬೂಟ್ ತನಕ ಮಲಗಲೇ ಇಲ್ಲ, ಕಾರಣ ಹುಡುಕಲು ಒಂದು ದಿನ ಹೋಯಿತು. ಕ್ಯಾಶ್ ಆಜ್ಞೆಯೇ ಆ ಸಾಧನಕ್ಕೆ ಗೊತ್ತಿಲ್ಲದಿದ್ದರೆ, ಅಥವಾ ಸಾಧನವೇ ಕಿತ್ತುಹೋಗಿದ್ದರೆ, ಅದನ್ನು ತಪ್ಪೆಂದು ಎಣಿಸದೆ ಮುಂದುವರಿಯುವುದೇ ಸರಿ.

ಹಂತ 6: ಎಬ್ಬಿಸುವುದು

ರನ್‌ಟೈಮ್ ರೆಸ್ಯೂಮ್‌ನಲ್ಲಿ ಬಿಎಲ್‌ಕೆ_ಪ್ರಿ_ರನ್‌ಟೈಮ್_ರೆಸ್ಯೂಮ್, ನಿಮ್ಮ ಹಾರ್ಡ್‌ವೇರ್ ಕೆಲಸ, ಕೊನೆಗೆ ಬಿಎಲ್‌ಕೆ_ಪೋಸ್ಟ್_ರನ್‌ಟೈಮ್_ರೆಸ್ಯೂಮ್. ಕೊನೆಯದನ್ನು ಹಾರ್ಡ್‌ವೇರ್ ಏಳದಿದ್ದರೂ ಕರೆಯಬೇಕು. ವಿಚಿತ್ರ ಅನ್ನಿಸಬಹುದು, ಸತ್ತ ಡಿಸ್ಕಿನ ಬಾಗಿಲು ಯಾಕೆ ತೆಗೆಯಬೇಕು? ತೆಗೆಯದಿದ್ದರೆ ಹೊರಗೆ ಕಾಯುತ್ತಿರುವ ಪ್ರಕ್ರಿಯೆಗಳು ಎಂದೆಂದಿಗೂ ಕಾಯುತ್ತವೆ, ಕಿಲ್ ಮಾಡಿದರೂ ಸಾಯುವುದಿಲ್ಲ. ತೆಗೆದರೆ ರಿಕ್ವೆಸ್ಟ್ ಒಳಗೆ ಹೋಗಿ, ತಪ್ಪು ಸಂಖ್ಯೆಯೊಂದಿಗೆ ವಾಪಸ್ ಬರುತ್ತದೆ. ಬಳಕೆದಾರರಿಗೆ ಅಷ್ಟಾದರೂ ಗೊತ್ತಾಗಲಿ. ಹಳೆಯ ಕರ್ನಲ್‌ಗಳಲ್ಲಿ ಈ ಫಂಕ್ಷನ್ ಒಂದು ತಪ್ಪು ಸಂಖ್ಯೆಯನ್ನೂ ಕೇಳುತ್ತಿತ್ತು, ಅದು ಸೊನ್ನೆಯಲ್ಲದಿದ್ದರೆ ಬಾಗಿಲು ತೆಗೆಯುತ್ತಿರಲಿಲ್ಲ. 2022ರ ಆಸುಪಾಸಿನ ಕರ್ನಲ್‌ಗಳಿಂದ ಆ ಆರ್ಗ್ಯುಮೆಂಟೇ ಇಲ್ಲ. ಹಳೆಯ ಡ್ರೈವರ್ ಹೊಸ ಕರ್ನಲ್‌ಗೆ ತರುವಾಗ ಕಂಪೈಲರ್ ಇಲ್ಲಿ ಗೊಣಗುತ್ತದೆ, ಕಾರಣ ಇದು.

ಈ ಹಂತದಲ್ಲಿ ಪದೇ ಪದೇ ಆಗುವ ಮೂರು ತಪ್ಪುಗಳು:

ಕ್ಯೂ_ಆರ್‌ಕ್ಯೂ ಒಳಗೆ, ಅಂದರೆ ಬ್ಲಾಕ್ ಲೇಯರ್ ನಿಮಗೆ ರಿಕ್ವೆಸ್ಟ್ ಕೊಡುವ ಫಂಕ್ಷನ್‌ನಲ್ಲಿ, ಪಿಎಂ_ರನ್‌ಟೈಮ್_ಗೆಟ್_ಸಿಂಕ್ ಕರೆಯುವುದು. ಆ ಫಂಕ್ಷನ್ ನಿದ್ರಿಸುವಂತಿಲ್ಲದ ಸನ್ನಿವೇಶದಲ್ಲಿ ನಡೆಯಬಹುದು, ಗೆಟ್_ಸಿಂಕ್ ನಿದ್ರಿಸುತ್ತದೆ. ಎಬ್ಬಿಸುವ ಕೆಲಸ ಹಂತ 3ರಲ್ಲಿ ಹೇಳಿದಂತೆ ಬಾಗಿಲಲ್ಲೇ ಆಗಿಬಿಟ್ಟಿರುತ್ತದೆ, ನೀವು ಮತ್ತೆ ಮಾಡಬೇಕಿಲ್ಲ.

ರೆಸ್ಯೂಮ್ ಕಾಲ್‌ಬ್ಯಾಕ್ ಒಳಗಿನಿಂದಲೇ, ಅಥವಾ ಅದು ಕಾಯುತ್ತಿರುವ ದೋಷ ನಿವಾರಣಾ ಥ್ರೆಡ್‌ನಿಂದ, ಅದೇ ಸಾಧನದ ಮೇಲೆ ಗೆಟ್_ಸಿಂಕ್ ಕರೆಯುವುದು. ನಡೆಯುತ್ತಿರುವ ರೆಸ್ಯೂಮ್ ಮುಗಿಯಲಿ ಎಂದು ಅದು ಕಾಯುತ್ತದೆ, ರೆಸ್ಯೂಮ್ ಅದಕ್ಕಾಗಿ ಕಾಯುತ್ತದೆ. ಸ್ಕಸಿಯಲ್ಲಿ ಇಹೆಚ್_ನೋರೆಸ್ಯೂಮ್ ಎಂಬ ಆಯ್ಕೆ ಇರುವುದೇ ಈ ಕಾರಣಕ್ಕೆ.

ಬೇರೆಡೆ ಗೆಟ್_ಸಿಂಕ್ ಬಳಸುವಾಗ, ಅದು ಸೋತರೂ ಬಳಕೆಯ ಎಣಿಕೆ ಏರಿರುತ್ತದೆ ಎಂಬುದನ್ನು ಮರೆಯುವುದು. ಇಳಿಸದಿದ್ದರೆ ಸಾಧನ ಮತ್ತೆ ಮಲಗುವುದಿಲ್ಲ. ಪಿಎಂ_ರನ್‌ಟೈಮ್_ರೆಸ್ಯೂಮ್_ಅಂಡ್_ಗೆಟ್ ಬಳಸಿದರೆ ಸೋತಾಗ ಅದೇ ಇಳಿಸಿಕೊಳ್ಳುತ್ತದೆ.

ಇನ್ನೊಂದು: ಮಲಗಿದ ಡಿಸ್ಕಿಗೆ ರಿಕ್ವೆಸ್ಟ್ ಹೇಗೋ ತಲುಪಿತು ಎಂದು ಐಓ ಎರರ್ ಹಿಂತಿರುಗಿಸಬೇಡಿ. ಫೈಲ್‌ಸಿಸ್ಟಮ್ ಅದನ್ನು ಡಿಸ್ಕ್ ಕೆಟ್ಟಿದೆ ಎಂದೇ ಓದುತ್ತದೆ, ಇಎಕ್ಸ್‌ಟಿ4ನ ಹಲವು ಸೆಟ್ಟಿಂಗ್‌ಗಳಲ್ಲಿ ಮೌಂಟ್ ರೀಡ್-ಓನ್ಲಿ ಆಗಿಬಿಡುತ್ತದೆ.

ಹಂತ 7: ಮೆಮೊರಿ ಕೇಳುವಾಗ ಜೋಪಾನ

ರೆಸ್ಯೂಮ್ ಒಳಗೆ ಜಿಎಫ್‌ಪಿ_ಕರ್ನಲ್ ಗುರುತಿನಿಂದ ಮೆಮೊರಿ ಕೇಳಿದಿರಿ ಎಂದುಕೊಳ್ಳಿ. ಮೆಮೊರಿ ಕಡಿಮೆಯಿದೆ. ಕರ್ನಲ್ ಜಾಗ ಮಾಡಲು ಒಂದಷ್ಟು ಪುಟಗಳನ್ನು ಡಿಸ್ಕಿಗೆ ಬರೆಯಲು ಹೊರಡುತ್ತದೆ. ಯಾವ ಡಿಸ್ಕಿಗೆ? ನೀವು ಎಬ್ಬಿಸುತ್ತಿರುವ ಇದೇ ಡಿಸ್ಕಿಗೆ. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು.

ಡಿಸ್ಕನ್ನು ಸೇರಿಸುವಾಗಲೇ ಕರ್ನಲ್ ಅದರ ಮೇಲಿನ ಎಲ್ಲ ಸಾಧನಗಳಿಗೆ, ಹೋಸ್ಟ್ ಕಂಟ್ರೋಲರ್ ತನಕ, ಮೆಮ್‌ಅಲಾಕ್_ನೋಐಓ ಎಂಬ ಗುರುತು ಹಾಕುತ್ತದೆ. ಅವುಗಳ ರನ್‌ಟೈಮ್ ಕಾಲ್‌ಬ್ಯಾಕ್ ಒಳಗೆ ಯಾರು ಮೆಮೊರಿ ಕೇಳಿದರೂ ಡಿಸ್ಕ್ ಕೆಲಸ ನಡೆಯದು. ಆದರೆ ಆ ರಕ್ಷಣೆ ಕಾಲ್‌ಬ್ಯಾಕ್ ನಡೆಯುವ ಥ್ರೆಡ್‌ಗೆ ಮಾತ್ರ. ನೀವು ಕೆಲಸವನ್ನು ವರ್ಕ್‌ಕ್ಯೂಗೆ ಹಾಕಿ ಅದು ಮುಗಿಯಲಿ ಎಂದು ಕಾದರೆ, ಆ ಇನ್ನೊಂದು ಥ್ರೆಡ್‌ಗೆ ರಕ್ಷಣೆ ಇಲ್ಲ. ಅಲ್ಲಿ ನೀವೇ ಜಿಎಫ್‌ಪಿ_ನೋಐಓ ಬಳಸಬೇಕು. ಇನ್ನೂ ಒಳ್ಳೆಯದೆಂದರೆ ಬೇಕಾದ ಬಫರ್‌ಗಳನ್ನು ಪ್ರೋಬ್‌ನಲ್ಲೇ ತೆಗೆದಿಟ್ಟುಕೊಳ್ಳುವುದು.

ಹಂತ 8: ಇಡೀ ಮಷೀನ್ ಮಲಗುವಾಗ

ಕ್ರಮ ಹೀಗಿದೆ: ಫೈಲ್‌ಸಿಸ್ಟಮ್‌ಗಳ ಸಿಂಕ್, ಬಳಕೆದಾರ ಪ್ರಕ್ರಿಯೆಗಳ ಫ್ರೀಜ್, ಫ್ರೀಜ್ ಆಗಲು ಒಪ್ಪಿದ ಕರ್ನಲ್ ಥ್ರೆಡ್‌ಗಳ ಫ್ರೀಜ್, ಆಮೇಲೆ ಸಾಧನಗಳ ಪ್ರಿಪೇರ್, ಸಸ್ಪೆಂಡ್, ಸಸ್ಪೆಂಡ್ ಲೇಟ್, ನೋಐಆರ್‌ಕ್ಯೂ. ಏಳುವಾಗ ಇದೇ ಹಿಂದುಮುಂದು. ಲೇಟ್ ಹಂತಕ್ಕೆ ಬರುವಾಗ ರನ್‌ಟೈಮ್ ಪಿಎಂ ಅನ್ನೇ ನಿಲ್ಲಿಸಲಾಗುತ್ತದೆ. ಅಲ್ಲಿಂದ ಮುಂದೆ "ಎಬ್ಬಿಸು" ಎಂಬ ಕೋರಿಕೆ ಕೆಲಸ ಮಾಡದು. ನೋಐಆರ್‌ಕ್ಯೂ ನಂತರ ನಿಮ್ಮ ಸಾಧನದ ಇಂಟರಪ್ಟ್ ಬರುವುದಿಲ್ಲ, ಉತ್ತರಕ್ಕೆ ಕಾಯಬೇಕಾದ ಯಾವ ಆಜ್ಞೆಯನ್ನೂ ಅಲ್ಲಿ ಕಳಿಸಬೇಡಿ. ಕ್ಯಾಶ್ ಖಾಲಿ ಮಾಡುವುದೆಲ್ಲ ಮಾಮೂಲಿ ಸಸ್ಪೆಂಡ್ ಹಂತದಲ್ಲೇ ಮುಗಿಯಲಿ.

ಸ್ಕಸಿ ಇಲ್ಲಿ ಏನು ಮಾಡುತ್ತದೆ ನೋಡಿ, ಒಳ್ಳೆಯ ಮಾದರಿ. ಪಿಎಂ_ಓನ್ಲಿ ಏರಿಸುತ್ತದೆ, ಕ್ಯೂ ಫ್ರೀಜ್ ಮಾಡಿ ಒಳಗಿರುವುದೆಲ್ಲ ಮುಗಿಯುವ ತನಕ ಕಾಯುತ್ತದೆ, ಫ್ರೀಜ್ ಬಿಡುತ್ತದೆ. ಪಿಎಂ_ಓನ್ಲಿ ಮಾತ್ರ ಏರಿಯೇ ಇರುತ್ತದೆ. ಅದು ಹೌದು-ಅಲ್ಲ ಎಂಬ ಗುರುತಾಗಿರದೆ ಎಣಿಕೆ ಆಗಿರುವುದರ ಲಾಭ ಇಲ್ಲಿದೆ: ರನ್‌ಟೈಮ್‌ನಲ್ಲಿ ಆಗಲೇ ಮಲಗಿದ್ದ ಡಿಸ್ಕನ್ನು ಸಿಸ್ಟಮ್ ಸ್ಲೀಪ್ ಇನ್ನೊಮ್ಮೆ ಮುಚ್ಚಿದರೆ ಎಣಿಕೆ ಎರಡಾಗುತ್ತದೆ, ಒಬ್ಬರು ತೆಗೆದ ಮಾತ್ರಕ್ಕೆ ಬಾಗಿಲು ತೆರೆದುಬಿಡುವುದಿಲ್ಲ.

ನಿಮ್ಮ ಡ್ರೈವರ್‌ನಲ್ಲಿ ವರ್ಕ್‌ಕ್ಯೂಗಳಿದ್ದರೆ ಒಂದೊಂದನ್ನೂ ಕೇಳಿಕೊಳ್ಳಿ: ಇದು ಹೊಸ ರಿಕ್ವೆಸ್ಟ್ ಹುಟ್ಟಿಸುತ್ತದೆಯೇ, ಅಥವಾ ಹೋದ ರಿಕ್ವೆಸ್ಟ್ ಮುಗಿಸಲು ನೆರವಾಗುತ್ತದೆಯೇ? ಹುಟ್ಟಿಸುವಂಥದ್ದನ್ನು ಫ್ರೀಜ್ ಆಗುವ ಬಗೆಯಲ್ಲಿ ರಚಿಸಿ. ಮುಗಿಸುವಂಥದ್ದನ್ನು ಎಂದೂ ಹಾಗೆ ರಚಿಸಬೇಡಿ. ಅದು ಫ್ರೀಜ್ ಆದರೆ ಬಾಕಿ ರಿಕ್ವೆಸ್ಟ್ ಮುಗಿಯದು, ಸಸ್ಪೆಂಡ್ ಅಲ್ಲೇ ನಿಲ್ಲುತ್ತದೆ.

"ಫ್ರೀಜಿಂಗ್" ಎಂದು ಶುರುವಾಗಿ "ಫೇಲ್ಡ್ ಆಫ್ಟರ್ 20" ಎಂದಿರುವ ಸಾಲು ಕಂಡರೆ, ಯಾವುದೋ ಪ್ರಕ್ರಿಯೆ 20 ಸೆಕೆಂಡ್ ಆದರೂ ನಿಂತಿಲ್ಲ ಎಂದರ್ಥ. ಬಹುತೇಕ ಅದು ಡಿ ಸ್ಥಿತಿಯಲ್ಲಿ, ಅಂದರೆ ಐಓ ಮುಗಿಯಲೆಂದು ಅಲುಗಾಡದೆ ಕಾಯುವ ಸ್ಥಿತಿಯಲ್ಲಿ ಇರುತ್ತದೆ. ಪಕ್ಕದ ಸಾಲುಗಳಲ್ಲಿ ಅದರ ಹೆಸರು, ಸ್ಟ್ಯಾಕ್ ಇರುತ್ತದೆ. ಫ್ರೀಜ್ ಅವಧಿ ಹೆಚ್ಚಿಸಿ ಮುಚ್ಚಿಹಾಕುವುದಲ್ಲ, ಆ ಐಓ ಯಾಕೆ ಮುಗಿದಿಲ್ಲ ಎಂದು ಹುಡುಕಿ.

ಎನ್‌ವಿಎಂಇ ಬೇರೆ ದಾರಿ

ಎನ್‌ವಿಎಂಇಯಲ್ಲಿ (ಪಿಸಿಐಇ ಮೂಲಕ ಜೋಡಿಸುವ ಎಸ್‌ಎಸ್‌ಡಿಗಳ ಪದ್ಧತಿ) ನಿಯಂತ್ರಣದ ಆಜ್ಞೆಗಳಿಗೆ ಅಡ್ಮಿನ್ ಕ್ಯೂ ಎಂಬ ಪ್ರತ್ಯೇಕ ಕ್ಯೂ ಇದೆ, ಹಾಗಾಗಿ ಡೇಟಾ ಕ್ಯೂಗಳನ್ನು ಪೂರ್ತಿ ಫ್ರೀಜ್ ಮಾಡಿದರೂ ಆಜ್ಞೆ ಕಳಿಸಲು ತೊಂದರೆಯಿಲ್ಲ. ದಿಡ್ಡಿ ಬಾಗಿಲಿನ ಅಗತ್ಯವೇ ಬರದು. ಫರ್ಮ್‌ವೇರ್ ಮೂಲಕ ಮಲಗುವ ಮಷೀನ್‌ಗಳಲ್ಲಿ ಲಿನಕ್ಸ್ ಕಂಟ್ರೋಲರನ್ನು ಪೂರ್ತಿ ಮುಚ್ಚುತ್ತದೆ. ಸಸ್ಪೆಂಡ್-ಟು-ಐಡಲ್‌ನಲ್ಲಿ, ಅಂದರೆ ಫರ್ಮ್‌ವೇರ್‌ಗೆ ಬಿಡದೆ ಕರ್ನಲ್ ತಾನೇ ಮಲಗಿಸುವ ಬಗೆಯಲ್ಲಿ, 2019ರ 5.3ರಿಂದ ಈಚೆಗೆ, ಡೇಟಾ ಕ್ಯೂಗಳನ್ನು ಫ್ರೀಜ್ ಮಾಡಿ ಕಂಟ್ರೋಲರ್‌ನ ಅತಿ ಆಳದ ಪವರ್ ಸ್ಥಿತಿಗೆ ಇಳಿಸುತ್ತದೆ. ಕಂಟ್ರೋಲರ್ ಅದನ್ನು ನಿರಾಕರಿಸಿದರೆ ಮೊದಲಿನಂತೆ ಪೂರ್ತಿ ಮುಚ್ಚುತ್ತದೆ.

ಎಪಿಎಸ್‌ಟಿ ಎಂಬುದು ಇದರಿಂದ ಬೇರೆ. ಸುಮ್ಮನಿರುವಾಗ ಡ್ರೈವ್ ತಾನೇ ಕೆಳ ಸ್ಥಿತಿಗೆ ಇಳಿಯುವ ವ್ಯವಸ್ಥೆ ಅದು, ಡ್ರೈವರ್‌ನ ರಿಕ್ವೆಸ್ಟ್ ಲೆಕ್ಕಕ್ಕೆ ಅದರ ಸಂಬಂಧವಿಲ್ಲ. ಕೆಲಸದ ನಡುವೆ ಡ್ರೈವ್ ಮಾಯವಾಗುತ್ತಿದ್ದರೆ ಎನ್‌ವಿಎಂಇ_ಕೋರ್‌ನ ಡಿಫಾಲ್ಟ್_ಪಿಎಸ್_ಮ್ಯಾಕ್ಸ್_ಲೇಟೆನ್ಸಿ_ಯುಎಸ್ ಅನ್ನು ಬೂಟ್‌ನಲ್ಲಿ 0 ಮಾಡಿ ನೋಡಿ. ಡಿಫಾಲ್ಟ್ ಆಗಿ ಅದು 100000 ಮೈಕ್ರೊಸೆಕೆಂಡ್ ಇರುತ್ತದೆ. 0 ಮಾಡಿದಾಗ ತೊಂದರೆ ಹೋದರೆ ನಿಮ್ಮ ಸಸ್ಪೆಂಡ್ ಕೋಡನ್ನು ಬಗೆಯುವ ಮುಂಚೆ ಡ್ರೈವ್‌ನ ಫರ್ಮ್‌ವೇರ್ ಕಡೆ ನೋಡಿ.

"ಡಿಸ್ಕ್ ಮಲಗುತ್ತಲೇ ಇಲ್ಲ"

ಹಂತ 1ರ ಎರಡು ಫೈಲು ಸರಿಯಿದ್ದರೂ ಮಲಗದಿದ್ದರೆ ಯಾರೋ ನಡುನಡುವೆ ಕೆಣಕುತ್ತಿದ್ದಾರೆ. ಕೊಳೆಯಾದ ಪುಟಗಳನ್ನು ಬರೆಯುವ ಕರ್ನಲ್ ಕೆಲಸ 5 ಸೆಕೆಂಡಿಗೊಮ್ಮೆ ಏಳುತ್ತದೆ, ಇಎಕ್ಸ್‌ಟಿ4 ಜರ್ನಲ್ ಕೂಡ ಬರೆಯಲಿದ್ದರೆ 5 ಸೆಕೆಂಡಿಗೊಮ್ಮೆ ಬರೆಯುತ್ತದೆ. ಒಂದು ಲಾಗ್ ಫೈಲು ಆ ಡಿಸ್ಕಿನಲ್ಲಿದ್ದರೆ ಸಾಕು, ನಿದ್ದೆ ಬರದು. ಡಿಸ್ಕಿನ ಆರೋಗ್ಯ ನೋಡುವ ಸ್ಮಾರ್ಟ್‌ಡಿ ಅರ್ಧ ಗಂಟೆಗೊಮ್ಮೆ ವಿಚಾರಿಸುತ್ತದೆ, ಮಲಗಿದ್ದರೆ ಬಿಟ್ಟುಬಿಡು ಎಂದು ಅದರ ಸೆಟ್ಟಿಂಗ್‌ನಲ್ಲಿ ಹೇಳಬಹುದು. ಯಾರು ಕೆಣಕುತ್ತಿದ್ದಾರೆ ಎಂದು ತಿಳಿಯಲು ಬ್ಲಾಕ್‌ಟ್ರೇಸ್ ಓಡಿಸಿ, ಪ್ರಕ್ರಿಯೆಯ ಹೆಸರೇ ಸಿಗುತ್ತದೆ.

ಹಂತ 9: ಪರೀಕ್ಷೆ

ಸೀದಾ ಮಲಗಿಸಬೇಡಿ. ಸಿಸ್‌ಎಫ್‌ಎಸ್‌ನ ಪವರ್ ಫೋಲ್ಡರಿನಲ್ಲಿ ಪಿಎಂ_ಟೆಸ್ಟ್ ಫೈಲಿದೆ. ಅದಕ್ಕೆ ಫ್ರೀಜರ್ ಎಂದು ಬರೆದು ಸಸ್ಪೆಂಡ್ ಮಾಡಿದರೆ ಪ್ರಕ್ರಿಯೆಗಳನ್ನಷ್ಟೇ ನಿಲ್ಲಿಸಿ, 5 ಸೆಕೆಂಡ್ ಕಾದು ವಾಪಸ್ ಬರುತ್ತದೆ. ಅದು ಸರಿಯಾದರೆ ಡಿವೈಸಸ್ ಎಂದು ಬರೆಯಿರಿ, ಈಗ ನಿಮ್ಮ ಕಾಲ್‌ಬ್ಯಾಕ್‌ಗಳು ಓಡುತ್ತವೆ. ಎರಡೂ ಗೆದ್ದ ಮೇಲೆ ನನ್ ಎಂದು ಬರೆದು ನಿಜವಾದ ನಿದ್ದೆಗೆ ಹೋಗಿ. ಬೂಟ್ ಸಾಲಿನಲ್ಲಿ ನೋ_ಕನ್ಸೋಲ್_ಸಸ್ಪೆಂಡ್ ಸೇರಿಸಿದ್ದರೆ ಕೊನೆಯ ಕ್ಷಣದ ಸಂದೇಶಗಳೂ ಸೀರಿಯಲ್‌ನಲ್ಲಿ ಕಾಣುತ್ತವೆ.

ಹಿನ್ನೆಲೆಯಲ್ಲಿ ಎಫ್‌ಐಓ ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುವ ಬಗೆಯಲ್ಲಿ ಓಡುತ್ತಿರಲಿ. ಆರ್‌ಟಿಸಿವೇಕ್‌ನಿಂದ 30 ಸೆಕೆಂಡ್ ಮಲಗಿ ಏಳುವುದನ್ನು 100 ಸಲ ಮಾಡಿ. ರನ್‌ಟೈಮ್‌ಗೆ ಬೇರೆ ಪರೀಕ್ಷೆ: ಅವಧಿಯನ್ನು 1000 ಮಿಲಿಸೆಕೆಂಡ್‌ಗೆ ಇಳಿಸಿ, ಒಂದು ಸೆಕೆಂಡಿಗೆ ಸ್ವಲ್ಪ ಹೆಚ್ಚುಕಡಿಮೆ ಅಂತರದಲ್ಲಿ ಒಂದೊಂದು ಬ್ಲಾಕ್ ಓದುತ್ತಾ ಇರಿ. ಮಲಗುವ ಕ್ಷಣಕ್ಕೂ ರಿಕ್ವೆಸ್ಟ್ ಬರುವ ಕ್ಷಣಕ್ಕೂ ಡಿಕ್ಕಿಯಾಗುವುದು ಹೀಗೆ ಮಾತ್ರ. ಇದನ್ನು ಸ್ಕಸಿ_ಡೀಬಗ್ ಮೇಲೆ ಮಾಡಿ, ತಿರುಗುವ ಡಿಸ್ಕ್ ಮೇಲೆ ಬೇಡ.

ಎಲ್ಲಿಯಾದರೂ ನಿಂತರೆ ಸಿಸ್‌ಆರ್‌ಕ್ಯೂ ಜೊತೆ ಡಬ್ಲ್ಯೂ ಒತ್ತಿ, ಡಿ ಸ್ಥಿತಿಯಲ್ಲಿರುವ ಎಲ್ಲರ ಸ್ಟ್ಯಾಕ್ ಬರುತ್ತದೆ. ಅದರಲ್ಲಿ ಬಿಎಲ್‌ಕೆ_ಕ್ಯೂ_ಎಂಟರ್ ಅಥವಾ ಬಯೋ_ಕ್ಯೂ_ಎಂಟರ್ ಕಂಡರೆ ಬಾಗಿಲಲ್ಲಿ ಕಾಯುತ್ತಿದ್ದಾರೆ. ಆಗ ಡೀಬಗ್‌ಎಫ್‌ಎಸ್‌ನ ಬ್ಲಾಕ್ ಫೋಲ್ಡರಿನಲ್ಲಿ ನಿಮ್ಮ ಡಿಸ್ಕಿನ ಕೆಳಗಿರುವ ಪಿಎಂ_ಓನ್ಲಿ ಫೈಲು ಓದಿ, ಪವರ್ ಫೋಲ್ಡರಿನ ರನ್‌ಟೈಮ್_ಸ್ಟೇಟಸ್ ಪಕ್ಕದಲ್ಲಿಟ್ಟು ನೋಡಿ. ಸ್ಟೇಟಸ್ ಆಕ್ಟಿವ್ ಎಂದಿದ್ದು ಪಿಎಂ_ಓನ್ಲಿ ಸೊನ್ನೆ ಅಲ್ಲದಿದ್ದರೆ, ಯಾವುದೋ ಒಂದು ಹಾದಿಯಲ್ಲಿ ನೀವು ಹಂತ 5 ಅಥವಾ 6ರ ಕೊನೆಯ ಫಂಕ್ಷನ್ ಕರೆಯದೆ ಹೊರಬಂದಿದ್ದೀರಿ. ನಿಮ್ಮ ಸಸ್ಪೆಂಡ್, ರೆಸ್ಯೂಮ್ ಎರಡರಲ್ಲೂ ಇರುವ ಪ್ರತಿಯೊಂದು ರಿಟರ್ನ್ ಸಾಲಿನ ಮೇಲೆ ಬೆರಳಿಟ್ಟು ಹುಡುಕಿ. ಪಿಎಂ_ಓನ್ಲಿ ಸೊನ್ನೆಯೇ ಇದ್ದರೆ ಬಾಗಿಲು ತೆರೆದಿದೆ, ಕ್ಯೂ ಫ್ರೀಜ್ ಆಗಿಯೇ ಉಳಿದಿರಬಹುದು. ಫ್ರೀಜ್ ಮಾಡಿದ ಕಡೆಯಿಂದ ಕೋಡನ್ನು ಮತ್ತೆ ಓದಲು ಶುರುಮಾಡಿ.